ಡಿಸ್ನಿ ವರ್ಲ್ಡ್‌ನಲ್ಲಿ ರಾತ್ರಿ ಊಟ, ಸಂಜೆ ಸುತ್ತಾಟ: ಹೋಗಿ ಬಂದವರು ಸ್ವಲ್ಪ ಹೇಳಿ

ಕೇಳಿದವರು:

ಮೊದಲ ಸಲ ಒರ್ಲ್ಯಾಂಡೊ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೇವೆ. ನಾವಿಬ್ಬರು, 9 ಮತ್ತು 4 ವರ್ಷದ ಮಕ್ಕಳು, ಊರಿಂದ ಬರುತ್ತಿರುವ ಅತ್ತೆ ಮಾವ, ಒಟ್ಟು ಆರು ಜನ. ಆರು ರಾತ್ರಿ, ಡಿಸ್ನಿಯವರದೇ ಪಾಪ್ ಸೆಂಚುರಿ ಹೋಟೆಲ್. ಇನ್ನೂ 70 ದಿನ ಇದೆ. ನಮ್ಮ ಮನೆಯವರು ಎಕ್ಸೆಲ್ ಶೀಟ್ ಮಾಡಿ ಆರೂ ರಾತ್ರಿಗೆ ಒಂದೊಂದು ರೆಸ್ಟೋರೆಂಟ್ ಬರೆದಿಟ್ಟಿದ್ದಾರೆ. ಅತ್ತೆ ಮಾವ ಮೊಟ್ಟೆ ಕೂಡ ತಿನ್ನಲ್ಲ. ಇಷ್ಟೆಲ್ಲ ಬುಕ್ ಮಾಡಲೇಬೇಕಾ? ಸಂಜೆ ಪಾರ್ಕ್ ಬಿಟ್ಟು ಬೇರೆ ಎಲ್ಲಿಗಾದರೂ ಹೋಗಬಹುದಾ?

ಮೂರು ಸಲ ಹೋಗಿ ಬಂದವರು:

ಆ ಎಕ್ಸೆಲ್ ಶೀಟ್ ನನಗೆ ಚೆನ್ನಾಗಿ ಗೊತ್ತು, ನಾನೂ ಅಂಥದ್ದೇ ಒಂದು ಮಾಡಿದ್ದೆ. ಮನೆಯವರಿಗೆ ಬೇಜಾರಾಗದ ಹಾಗೆ ಹೇಳಿ, ಆರರಲ್ಲಿ ಮೂರು ಅಳಿಸಿಬಿಡಲಿ.

ನಮ್ಮ ಮೊದಲ ಟ್ರಿಪ್‌ನಲ್ಲಿ ಎರಡನೇ ದಿನ ರಾತ್ರಿ 7:30ಕ್ಕೆ ಇನ್ನೊಂದು ಹೋಟೆಲಿನ ರೆಸ್ಟೋರೆಂಟ್‌ನಲ್ಲಿ ಟೇಬಲ್ ಹಿಡಿದಿದ್ದೆ. ಮ್ಯಾಪ್‌ನಲ್ಲಿ ಪಕ್ಕದಲ್ಲೇ ಕಾಣುತ್ತಿತ್ತು. ಪಾರ್ಕಿಂದ ರೂಮಿಗೆ ಬಂದು, ಸ್ನಾನ ಮಾಡಿ, ಒಳ್ಳೆ ಬಟ್ಟೆ ಹಾಕಿಕೊಂಡು ಬಸ್ ಸ್ಟಾಪಿಗೆ ಹೋದ ಮೇಲೆ ಗೊತ್ತಾಗಿದ್ದು, ಅಲ್ಲಿ ಹೋಟೆಲಿಂದ ಹೋಟೆಲಿಗೆ ನೇರ ಬಸ್ಸೇ ಇಲ್ಲ ಅಂತ. ಮೊದಲು ಯಾವುದಾದರೂ ಪಾರ್ಕಿಗೋ ಡಿಸ್ನಿ ಸ್ಪ್ರಿಂಗ್ಸ್ ಅನ್ನೋ ಅಂಗಡಿ ಪೇಟೆಗೋ ಹೋಗಿ ಅಲ್ಲಿ ಬಸ್ ಬದಲಾಯಿಸಬೇಕು. ಜಾಗ ಸುಮಾರು 100 ಚದರ ಕಿಲೋಮೀಟರ್, ನಾನು ಅದನ್ನು ಒಂದು ದೊಡ್ಡ ಮಾಲ್ ಅಂದುಕೊಂಡಿದ್ದೆ! ಮಗಳು ಎರಡನೇ ಬಸ್ಸಲ್ಲಿ ನಿದ್ದೆ ಹೋದಳು. ರೆಸ್ಟೋರೆಂಟ್ ಮುಟ್ಟಿದಾಗ ಅವಳ ಒಂದು ಚಪ್ಪಲಿ ನನ್ನ ಪ್ಯಾಂಟ್ ಜೇಬಲ್ಲಿತ್ತು, ಇನ್ನೊಂದು ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ. ಎರಡು ಕುರ್ಚಿ ಜೋಡಿಸಿ ಮಲಗಿಸಿದೆವು. ಅವಳಿಗೆ ತರಿಸಿದ ಪಾಸ್ತಾ ತಣ್ಣಗಾಗಿ ಗಟ್ಟಿಯಾಯಿತು. ನಾನೂ ಹೆಂಡತಿಯೂ ಒಂದು ಮಾತೂ ಆಡದೆ ತಿಂದು ಎದ್ದೆವು. ತಪ್ಪು ರೆಸ್ಟೋರೆಂಟ್‌ದಲ್ಲ, ನನ್ನದೇ.

ಅಲ್ಲಿಂದ ಮುಂದೆ ನಾನು ಮೆನು ನೋಡೋಕೆ ಮುಂಚೆ ದಾರಿ ನೋಡುತ್ತೇನೆ. ಸಂಜೆ 5 ಗಂಟೆಗೆ ನಾವು ಎಲ್ಲಿರುತ್ತೇವೆ? ಅಲ್ಲಿಂದ ನಡೆದೋ, ಒಂದೇ ಗಾಡಿಯಲ್ಲೋ ಹೋಗುವ ಹಾಗಿದ್ದರೆ ಮಾತ್ರ ಬುಕಿಂಗ್.

ನೀವು ಪಾಪ್ ಸೆಂಚುರಿ ತಗೊಂಡಿದ್ದು ಒಳ್ಳೇದಾಯಿತು, ಸ್ಕೈಲೈನರ್ ಸಿಗುತ್ತದೆ. 2019ರಲ್ಲಿ ಶುರುವಾದ ರೋಪ್‌ವೇ ಅದು. ಕೆರಿಬಿಯನ್ ಬೀಚ್ ಸ್ಟೇಷನ್‌ನಲ್ಲಿ ಬದಲಾಯಿಸಿದರೆ ಎಪ್‌ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್ ಎರಡಕ್ಕೂ ಹೋಗಬಹುದು. ಹಾಗಾಗಿ ಆ ಎರಡು ಪಾರ್ಕ್ ದಿನಗಳಲ್ಲಿ ಸಂಜೆ ಲೇಟಾದರೂ ಚಿಂತೆ ಇಲ್ಲ. ಮ್ಯಾಜಿಕ್ ಕಿಂಗ್‌ಡಮ್, ಅನಿಮಲ್ ಕಿಂಗ್‌ಡಮ್ ದಿನ ಬಸ್ಸೇ ಗತಿ, ಆ ದಿನ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಒಂದು ಮಾತು, ಗುಡುಗು ಮಿಂಚು ಬಂದರೆ ಸ್ಕೈಲೈನರ್ ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ಫ್ಲೋರಿಡಾದಲ್ಲಿ ಮಧ್ಯಾಹ್ನದ ಮೇಲೆ ಮಳೆ ಬರೋದು ಮಾಮೂಲು.

ಬುಕಿಂಗ್ ವಿಷಯಕ್ಕೆ ಬಂದರೆ: ಟೇಬಲ್‌ಗಳು 60 ದಿನ ಮುಂಚೆ ತೆರೆಯುತ್ತವೆ. ಡಿಸ್ನಿ ಹೋಟೆಲಲ್ಲಿ ಇರುವವರಿಗೆ ಚೆಕ್-ಇನ್‌ಗೆ 60 ದಿನ ಇರುವಾಗಲೇ ಪೂರ್ತಿ ಟ್ರಿಪ್ಪಿನದು, ಗರಿಷ್ಠ 10 ದಿನದ್ದು, ಒಂದೇ ಸಲ ಬುಕ್ ಮಾಡೋಕೆ ಬಿಡುತ್ತಾರೆ. ನಿಮಗೆ ಇನ್ನು ಹತ್ತು ದಿನಕ್ಕೆ ಅದು ತೆರೆಯುತ್ತದೆ. ಕಷ್ಟದ ಟೇಬಲನ್ನು ಟ್ರಿಪ್ಪಿನ ಕೊನೆ ದಿನಗಳಿಗೆ ಹುಡುಕಿ. ಹೊರಗೆ ಉಳಿಯುವವರಿಗೆ ಆ ದಿನಗಳು ಇನ್ನೂ ತೆರೆದಿರಲ್ಲ, ಪೈಪೋಟಿ ಕಮ್ಮಿ.

ಊರಿಂದಲೇ ಬುಕ್ ಮಾಡಿದವರು:

ಮೇಲೆ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆನ್‌ಲೈನ್ ಬುಕಿಂಗ್ ತೆರೆಯೋದು ಅಲ್ಲಿನ ಬೆಳಗ್ಗೆ 6 ಗಂಟೆಗೆ. ಭಾರತದಲ್ಲಿ ಅದು ಮಧ್ಯಾಹ್ನ 3:30, ಅವರ ಚಳಿಗಾಲದಲ್ಲಾದರೆ 4:30. ನೀವು ನಿದ್ದೆಗಣ್ಣಲ್ಲಿ ಒದ್ದಾಡುವ ಬದಲು ಊರಲ್ಲಿರುವ ಮಾವನ ಕೈಗೆ ಲಾಗಿನ್ ಕೊಟ್ಟುಬಿಡಿ, ಅವರಿಗೂ ಖುಷಿ. ನಾನು ಆಫೀಸಿನ ಟೀ ಬ್ರೇಕಲ್ಲಿ ಎಲ್ಲ ಮುಗಿಸಿದ್ದೆ. ಆರು ಜನರ ಟೇಬಲ್ ಸಿಗದಿದ್ದರೆ ನಾಲ್ಕು ಮತ್ತು ಎರಡು ಅಂತ ಬೇರೆ ಬೇರೆ ನೋಡಬಹುದು, ಆದರೆ ಅಕ್ಕಪಕ್ಕ ಕೂರಿಸುತ್ತಾರೆ ಅಂತ ನಂಬಿಕೊಳ್ಳಬೇಡಿ.

ಬೇಡ ಅನ್ನಿಸಿದರೆ 2 ಗಂಟೆ ಮುಂಚೆವರೆಗೂ ಕ್ಯಾನ್ಸಲ್ ಮಾಡಬಹುದು. ಹೇಳದೆ ಕೇಳದೆ ಹೋಗದಿದ್ದರೆ ಹೆಚ್ಚಿನ ಕಡೆ ತಲೆಗೆ 10 ಡಾಲರ್ ಹಿಡಿಯುತ್ತಾರೆ, ಆರು ಜನಕ್ಕೆ 60 ಆಯಿತಲ್ವಾ. ಮೊದಲೇ ಪೂರ್ತಿ ದುಡ್ಡು ಕಟ್ಟಿಸಿಕೊಳ್ಳುವ ಶೋ-ಊಟಗಳ ನಿಯಮ ಬೇರೆ, ಅದನ್ನು ಓದಿಕೊಂಡೇ ಒತ್ತಿ. ಬಿಲ್ ಮೇಲೆ ತೆರಿಗೆ ಬೇರೆ, ಟಿಪ್ ಬೇರೆ. ಆರು ಜನ ಅಂದಮೇಲೆ 18% ಟಿಪ್ ಬಿಲ್‌ನಲ್ಲೇ ಸೇರಿ ಬಂದಿರುತ್ತದೆ. ನೋಡದೆ ಇನ್ನೊಮ್ಮೆ ಕೊಟ್ಟು ಬರಬೇಡಿ. ನಾನು ಕೊಟ್ಟಿದ್ದೇನೆ.

ಸಸ್ಯಾಹಾರಿ ಅಮ್ಮನ ಜೊತೆ ಹೋದವರು:

ಮೊಟ್ಟೆ ಬೇಡದವರಿಗೆ ಒಂದು ಸುಲಭ ಗುರುತಿದೆ. ಮೆನುನಲ್ಲಿ ಚಿಕ್ಕ ಎಲೆ ಚಿತ್ರ ಇದ್ದರೆ ಅದರಲ್ಲಿ ಮಾಂಸ, ಮೊಟ್ಟೆ, ಹಾಲು, ಜೇನುತುಪ್ಪ ಯಾವುದೂ ಇಲ್ಲ ಅಂತ ಅರ್ಥ. ಆದರೆ ಅದೇ ಎಣ್ಣೆಯಲ್ಲಿ ಬೇರೆ ಏನಾದರೂ ಕರಿದಿರಬಹುದು, ಅದನ್ನು ಕೇಳಿಯೇ ತಿಳಿಯಬೇಕು. ಟೇಬಲ್ ಊಟದ ಕಡೆ ಸರ್ವರ್ ಹತ್ತಿರ ಹೇಳಿದರೆ ಷೆಫ್ ಹತ್ತಿರ ಕೇಳಿ ಬಂದು ಹೇಳುತ್ತಾರೆ. ಸಂಕೋಚ ಬೇಡ.

ಅತ್ತೆ ಮಾವನಿಗಾಗಿ ಒಂದೇ ಒಂದು ಟೇಬಲ್ ಅಂದರೆ ನಾನು ಹೇಳೋದು ಸನಾ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕಿಡಾನಿ ವಿಲೇಜ್ ಅನ್ನೋ ಭಾಗದಲ್ಲಿದೆ. ಆಫ್ರಿಕಾ ಮತ್ತು ನಮ್ಮ ದೇಶದ ರುಚಿ ಸೇರಿಸಿದ ಅಡುಗೆ. ಬ್ರೆಡ್ ಸರ್ವಿಸ್ ಅಂತ ಒಂದು ತಟ್ಟೆ ಬರುತ್ತದೆ, ನಾನ್ ಥರದ ಬಿಸಿ ರೊಟ್ಟಿಗಳು, ಜೊತೆಗೆ ಚಿಕ್ಕ ಚಿಕ್ಕ ಬಟ್ಟಲಲ್ಲಿ ಒಂಬತ್ತು ಬಗೆಯ ಚಟ್ನಿ, ರಾಯತ, ಉಪ್ಪಿನಕಾಯಿ. ಅಮ್ಮ ಒಂದೊಂದರಲ್ಲೂ ರೊಟ್ಟಿ ತುದಿ ಅದ್ದಿ ನೋಡಿ, ಮೂರನ್ನು ತನ್ನ ಕಡೆ ಎಳೆದುಕೊಂಡು, ಉಳಿದಿದ್ದನ್ನು ನಮ್ಮ ಕಡೆ ತಳ್ಳಿದಳು. ಕಿಟಕಿ ಆಚೆ ಹುಲ್ಲುಗಾವಲು, ಜಿರಾಫೆ, ಜೀಬ್ರಾ. ಒಂದು ಜೀಬ್ರಾ ನಮ್ಮ ಕಿಟಕಿ ಹತ್ತಿರವೇ ನಿಂತು ಬಾಲ ಆಡಿಸುತ್ತಿತ್ತು, ನನ್ನ ಮಗ ಊಟ ಬಿಟ್ಟು ಗಾಜಿಗೆ ಮೂಗು ಒತ್ತಿ ನಿಂತಿದ್ದ. ಕತ್ತಲಾದ ಮೇಲೆ ಹೋದರೆ ಇದೆಲ್ಲ ಸರಿಯಾಗಿ ಕಾಣಲ್ಲ. ಹೊತ್ತು ಮುಳುಗೋಕೆ ಒಂದೂವರೆ ಗಂಟೆ ಮುಂಚಿನ ಸಮಯ ಹಿಡಿಯಿರಿ. ಅನಿಮಲ್ ಕಿಂಗ್‌ಡಮ್ ಪಾರ್ಕ್ ಹೇಗೂ ಬೇರೆಯವಕ್ಕಿಂತ ಬೇಗ ಮುಚ್ಚುತ್ತದೆ, ಪ್ರಾಣಿಗಳು ಇರುವುದರಿಂದ ಪಟಾಕಿನೂ ಇಲ್ಲ. ಅದೇ ದಿನ ಪಾರ್ಕಿಂದ ಲಾಡ್ಜ್‌ಗೆ ನೇರ ಬಸ್ ಹಿಡಿದು ಹೋಗಿ.

ಬುಕಿಂಗೇ ಬೇಡ ಅನ್ನುವವರು:

ನಾನು ಇವರೆಲ್ಲರಿಗೂ ವಿರುದ್ಧ. ಐದು ದಿನ ಇದ್ದೆವು, ಒಂದು ಟೇಬಲ್ಲೂ ಮೊದಲೇ ಹಿಡಿಯಲಿಲ್ಲ. ಆ್ಯಪ್‌ನಲ್ಲಿ ಮೊಬೈಲ್ ಆರ್ಡರ್ ಅಂತ ಇದೆ, ಬೆಳಗ್ಗೆ ಕ್ಯೂನಲ್ಲಿ ನಿಂತಿರುವಾಗಲೇ ಮಧ್ಯಾಹ್ನದ ಊಟದ ಸಮಯ ಹಿಡಿದಿಟ್ಟರೆ ಆಯಿತು. ಟೇಬಲ್ ಬೇಕು ಅನ್ನಿಸಿದ ದಿನ ಅದೇ ಆ್ಯಪ್‌ನಲ್ಲಿ ಬುಕಿಂಗ್ ಇಲ್ಲದವರು ಹೆಸರು ಸೇರಿಸುವ ವಾಕ್-ಅಪ್ ಲಿಸ್ಟ್ ನೋಡಿ. ಯಾರೋ ಕ್ಯಾನ್ಸಲ್ ಮಾಡಿರುತ್ತಾರೆ. ಊಟದ ಕೌಂಟರಲ್ಲಿ ಕೇಳಿದರೆ ಐಸ್ ನೀರು ಪುಕ್ಕಟೆ, ಬಾಟಲಿ ಕೊಳ್ಳಬೇಡಿ. ತಿಂಡಿ ಮನೆಯಿಂದ ತರಬಹುದು, ಗಾಜಿನ ಡಬ್ಬಿ ಮಾತ್ರ ಬಿಡಲ್ಲ.

ಆರು ಜನಕ್ಕೆ, ಅದರಲ್ಲೂ ವಯಸ್ಸಾದವರ ಜೊತೆ ಇದು ನಡೆಯುತ್ತಾ ಅಂದರೆ… ನಾವು ಇಬ್ಬರೇ ಇದ್ದೆವು, ಒಪ್ಪಿಕೊಳ್ಳುತ್ತೇನೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸನಾ ಖಚಿತ. ಪಟಾಕಿ ನೋಡೋದು ಹೇಗೆ? ಚಿಕ್ಕವಳಿಗೆ ಜನಜಂಗುಳಿ ಅಂದರೆ ಭಯ. ಮಿಕ್ಕಿ ಮೌಸ್ ಬರುವ ಊಟ ಬೇಕಾ? ಬಂದಿಳಿದ ದಿನ ಸಂಜೆ ಏನು ಮಾಡೋದು?

ಮೂರು ಸಲ ಹೋಗಿ ಬಂದವರು:

ಬಂದಿಳಿದ ದಿನ ಪಾರ್ಕ್ ಟಿಕೆಟ್ ಸುಮ್ನೆ ಹಾಳು ಮಾಡಬೇಡಿ. ಡಿಸ್ನಿ ಸ್ಪ್ರಿಂಗ್ಸ್‌ಗೆ ಹೋಗಿ. ಅದು ಅಂಗಡಿ, ರೆಸ್ಟೋರೆಂಟ್ ತುಂಬಿದ ನೀರಿನಂಚಿನ ಪೇಟೆ, ಒಳಗೆ ಹೋಗೋಕೆ ಟಿಕೆಟ್ ಇಲ್ಲ, ಕಾರ್ ನಿಲ್ಲಿಸೋಕೂ ದುಡ್ಡಿಲ್ಲ, ನಿಮ್ಮ ಹೋಟೆಲಿಂದ ನೇರ ಬಸ್ ಇದೆ. ಸುಸ್ತಾದರೆ ವಾಪಸ್ ಬಂದರಾಯಿತು, ಏನೂ ಕಳಕೊಂಡ ಹಾಗಾಗಲ್ಲ. ನನ್ನ ಮಟ್ಟಿಗೆ ವಾರಾಂತ್ಯದ ರಾತ್ರಿ ಅಲ್ಲಿ ಜನ ಜಾಸ್ತಿ, ಬೇರೆ ದಿನ ಚೆಂದ.

ಪಟಾಕಿಗೆ ಎರಡು ದಾರಿ. ಮ್ಯಾಜಿಕ್ ಕಿಂಗ್‌ಡಮ್ ಪಟಾಕಿಯನ್ನು ಕೋಟೆ ಮುಂದೆ ನಿಂತು ನೋಡೋದು ಒಂದು ಅನುಭವ, ನಿಜ. ಆದರೆ ಭುಜಕ್ಕೆ ಭುಜ ತಾಗಿಸಿ ಬಹಳ ಹೊತ್ತು ಮುಂಚೆಯೇ ನಿಲ್ಲಬೇಕು. ಚಿಕ್ಕವಳಿಗೆ ಭಯ ಅಂದರೆ ಮಾನೋರೈಲ್ ಹತ್ತಿ ಪಾಲಿನೇಷಿಯನ್ ಹೋಟೆಲಿನ ಮರಳ ದಡಕ್ಕೆ ಹೋಗಿ. ಕೆರೆಯಾಚೆ ಕೋಟೆ ಚಿಕ್ಕದಾಗಿ ಕಾಣುತ್ತದೆ, ಪಟಾಕಿ ಪೂರ್ತಿ ಕಾಣುತ್ತದೆ, ಸದ್ದು ಅಷ್ಟು ಎದೆಗೆ ಬಡಿಯಲ್ಲ. ಕಂಟೆಂಪೊರರಿ, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೋರಿಡಿಯನ್ ಮೂರೂ ಹೋಟೆಲ್ ಸುತ್ತುವ ಆ ಮಾನೋರೈಲ್ ಪುಕ್ಕಟೆ, ಮಾವನಿಗೆ ಅದನ್ನೇ ಎರಡು ಸುತ್ತು ಹೊಡೆಸಿ. ಕಂಟೆಂಪೊರರಿ ಹೋಟೆಲಿನ ಒಳಗೇ ರೈಲು ನುಗ್ಗುತ್ತದೆ, ನಮ್ಮಪ್ಪ ಕಿಟಕಿಗೆ ತಲೆ ಕೊಟ್ಟು ಕೆಳಗೆ ಊಟ ಮಾಡುತ್ತಿದ್ದವರಿಗೆ ಕೈ ಬೀಸಿದರು.

ಎಪ್‌ಕಾಟ್ ಸಂಜೆಯಂತೂ ಬಿಡಲೇಬೇಡಿ. ಅಲ್ಲಿನ ಕೆರೆ ಸುತ್ತ 11 ದೇಶಗಳ ಹೆಸರಲ್ಲಿ ಕಟ್ಟಡ, ಅಂಗಡಿ, ಊಟ. ಒಂದು ಸುತ್ತು ಹತ್ತಿರ ಹತ್ತಿರ 2 ಕಿಲೋಮೀಟರ್, ಅತ್ತೆ ಮಾವನ ಮೊಣಕಾಲು ನೋಡಿಕೊಂಡು ಅರ್ಧ ಸುತ್ತು ಸಾಕು. 5:30ಕ್ಕೆ ಅಲ್ಲಿನ ಇಟಲಿ ಭಾಗದ ವಿಯಾ ನಾಪೋಲಿಯಲ್ಲಿ ಪಿಜ್ಜಾ ತಿಂದು (ಅಲ್ಲಿನ ಮೂರು ಕಟ್ಟಿಗೆ ಒಲೆಗಳಿಗೆ ಎಟ್ನಾ, ವೆಸುವಿಯೊ, ಸ್ಟ್ರಾಂಬೊಲಿ ಅಂತ ಜ್ವಾಲಾಮುಖಿಗಳ ಹೆಸರು, ದೊಡ್ಡವನಿಗೆ ತೋರಿಸಿ), ನಿಧಾನಕ್ಕೆ ನಡೆದು, ಎಲ್ಲಾದರೂ ಕೆರೆ ಕಾಣುವ ಬೆಂಚು ಹಿಡಿದು ಪಟಾಕಿಗೆ ಕಾಯಿರಿ. ಮುಗಿದ ತಕ್ಷಣ ಸ್ಕೈಲೈನರ್ ಕಡೆ ಎಲ್ಲರೂ ಓಡುತ್ತಾರೆ. ನೀವು ಓಡಬೇಡಿ. ಒಂದು ಐಸ್‌ಕ್ರೀಮ್ ತಿನ್ನುವಷ್ಟು ಹೊತ್ತು ಕೂತರೆ ಕ್ಯೂ ಕರಗಿರುತ್ತದೆ.

ಇಬ್ಬರು ಮಕ್ಕಳ ಅಮ್ಮ:

ಮಿಕ್ಕಿ ಊಟಕ್ಕೆ ನನ್ನ ಓಟು ಇದೆ, ಆದರೆ ಒಂದೇ ಸಲ, ಮತ್ತೆ ರಾತ್ರಿ ಬೇಡ, ಬೆಳಗ್ಗೆ. ಪಾರ್ಕಲ್ಲಿ ಮಿಕ್ಕಿ ಜೊತೆ ಒಂದು ಫೋಟೋಗೆ ಬಿಸಿಲಲ್ಲಿ ಕ್ಯೂ ನಿಲ್ಲಬೇಕು, ಇಲ್ಲಿ ಅವನೇ ನಿಮ್ಮ ಟೇಬಲ್ ಹತ್ತಿರ ಬರುತ್ತಾನೆ. ಕಂಟೆಂಪೊರರಿ ಹೋಟೆಲಿನ ಷೆಫ್ ಮಿಕ್ಕೀಸ್ ನೋಡಿ. ನಿಮ್ಮ ದೊಡ್ಡವನಿಗೆ 10 ತುಂಬಿದರೆ ದೊಡ್ಡವರ ಚಾರ್ಜ್, ಈಗ 9 ಅಂದರೆ ಮಕ್ಕಳ ದರ. ಹುಟ್ಟುಹಬ್ಬಕ್ಕೆ ಮುಂಚೆ ಹೋಗಿಬನ್ನಿ!

ಚಿಕ್ಕವಳು ಮೊದಲ ಐದು ನಿಮಿಷ ಮಿಕ್ಕಿ ನೋಡಿ ಮೇಜಿನ ಕೆಳಗೆ ಸೇರಿಕೊಂಡರೆ ಗಾಬರಿ ಆಗಬೇಡಿ. ನಮ್ಮವಳು ಹಾಗೇ ಮಾಡಿದಳು. ಆ ದೊಡ್ಡ ಬಿಳಿ ಕೈಗವಸು ಮೇಜಿನ ಕೆಳಗೆ ಬಂದು ಎರಡು ಬೆರಳು ಅಲ್ಲಾಡಿಸಿತು, ಇವಳು ಒಂದು ಬೆರಳು ಹಿಡಿದಳು, ಅಷ್ಟೇ, ಆಮೇಲೆ ಬಿಡಲೇ ಇಲ್ಲ.

ಇನ್ನೊಂದು, ಯಾರೂ ಹೇಳಲಿಲ್ಲ. ಮೂರನೇ ದಿನಕ್ಕೆ ಎಲ್ಲರಿಗೂ ಚೀಸ್ ಸಾಕು ಅನ್ನಿಸುತ್ತದೆ. ನಿಮ್ಮ ರೂಮಲ್ಲಿ ಚಿಕ್ಕ ಫ್ರಿಜ್ ಇರುತ್ತದೆ, ಮೈಕ್ರೋವೇವ್ ಇರಲ್ಲ, ಆದರೆ ಕೆಳಗೆ ಫುಡ್ ಕೋರ್ಟಲ್ಲಿ ಇದೆ. ಸೂಪರ್‌ಮಾರ್ಕೆಟಲ್ಲಿ 90 ಸೆಕೆಂಡಲ್ಲಿ ಬಿಸಿಯಾಗುವ ಅನ್ನದ ಪ್ಯಾಕೆಟ್ ಸಿಗುತ್ತದೆ. ಅದೂ ಒಂದು ಡಬ್ಬಿ ಮೊಸರೂ ಹೋಟೆಲಿಗೇ ತರಿಸಿಕೊಳ್ಳಿ. ಉಪ್ಪಿನಕಾಯಿ ಅತ್ತೆ ತಂದೇ ತಂದಿರುತ್ತಾರೆ.

ಕೇಳಿದವರು:

ಶೀಟ್ ಇವತ್ತು ತಿದ್ದಿದೆವು. ಮೊದಲ ಸಂಜೆ ಡಿಸ್ನಿ ಸ್ಪ್ರಿಂಗ್ಸ್, ಬುಕಿಂಗ್ ಇಲ್ಲ. ಉಳಿದಿದ್ದು ಮೂರು ಟೇಬಲ್: ಸನಾ, ವಿಯಾ ನಾಪೋಲಿ, ಒಂದು ಬೆಳಗ್ಗೆ ಮಿಕ್ಕಿ. ಮನೆಯವರು ಅಳಿಸೋಕೆ ಮನಸ್ಸಾಗದೆ ಖಾಲಿಯಾದ ಸಾಲುಗಳಿಗೆ ಹಳದಿ ಬಣ್ಣ ಹಚ್ಚಿ, ಒಂದೊಂದರಲ್ಲೂ "ರಾತ್ರಿ 8:00, ಮೊಸರನ್ನ, ರೂಮ್" ಅಂತ ಟೈಪ್ ಮಾಡಿಟ್ಟಿದ್ದಾರೆ.