ಐಇಎಲ್‌ಟಿಎಸ್ ರೀಡಿಂಗ್ 6.5, ರೈಟಿಂಗ್ 6: ಮತ್ತೆ ಬರೆಯಬೇಕಾ, ಓಇಟಿಗೆ ಹೋಗಬೇಕಾ?

ತುಂಗಾತೀರ (ಪ್ರಶ್ನೆ)
ಯುಕೆ ನರ್ಸಿಂಗ್ ರಿಜಿಸ್ಟ್ರೇಷನ್‌ಗೆ ಬೇಕಾದ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್ ಬರೆದೆ. ಲಿಸನಿಂಗ್ 7.5, ರೀಡಿಂಗ್ 6.5, ರೈಟಿಂಗ್ 6, ಸ್ಪೀಕಿಂಗ್ 7. ಓವರಾಲ್ 7 ಇದೆ. ಆದರೆ ಎನ್‌ಎಂಸಿ (ಯುಕೆಯ ನರ್ಸಿಂಗ್ ನೋಂದಣಿ ಮಂಡಳಿ) ಕೇಳುವುದು ರೈಟಿಂಗ್‌ನಲ್ಲಿ 6.5, ಉಳಿದ ಮೂರರಲ್ಲೂ 7. ಒಂದೇ ಭಾಗದ ರೀಟೇಕ್ ಸಾಕಾಗುತ್ತದಾ, ಪೂರ್ತಿ ಬರೆಯಬೇಕಾ, ಅಥವಾ ಓಇಟಿ (ಆರೋಗ್ಯ ಸಿಬ್ಬಂದಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ) ಸುಲಭವಾ? ಎಷ್ಟು ಮಾಕ್ ಟೆಸ್ಟ್ ಮಾಡಿದರೂ ರೀಡಿಂಗ್ 40ಕ್ಕೆ 28ರ ಹತ್ತಿರವೇ ನಿಂತಿದೆ. ಶಿಫ್ಟ್ ಡ್ಯೂಟಿ ಮಧ್ಯೆ ದಿನಕ್ಕೆ ಎರಡು ಗಂಟೆ ಸಿಗುತ್ತದೆ.

ಕಡಲತಡಿ
ಒನ್ ಸ್ಕಿಲ್ ರೀಟೇಕ್‌ನಲ್ಲಿ ಒಂದು ಭಾಗ ಮಾತ್ರ ಬರೆಯಬಹುದು, ಅದೂ ಮೊದಲ ಪರೀಕ್ಷೆಯ 60 ದಿನದೊಳಗೆ. ನಿಮಗೆ ಕಡಿಮೆ ಬಿದ್ದಿರುವುದು ಎರಡು ಭಾಗ, ಹಾಗಾಗಿ ಅದೊಂದರಿಂದ ಕೆಲಸ ಮುಗಿಯುವುದಿಲ್ಲ. ನಿಮಗೆ ಸರಿಹೊಂದುವುದು ಎರಡು ಪರೀಕ್ಷೆಗಳ ಅಂಕ ಸೇರಿಸುವ ದಾರಿ. ಎರಡೂ ಪರೀಕ್ಷೆ 12 ತಿಂಗಳ ಒಳಗಿರಬೇಕು. ಎರಡರಲ್ಲೂ ರೈಟಿಂಗ್ 6ಕ್ಕಿಂತ, ಉಳಿದವು 6.5ಕ್ಕಿಂತ ಕೆಳಗಿಳಿಯಬಾರದು. ನಿಮ್ಮ ಈಗಿನ ಅಂಕಗಳು ಈ ಗೆರೆಯ ಮೇಲೆಯೇ ಇವೆ. ಅಂದರೆ ಮುಂದಿನ ಸಲ ರೀಡಿಂಗ್ 7, ರೈಟಿಂಗ್ 6.5 ತೆಗೆದು, ಲಿಸನಿಂಗ್ ಮತ್ತು ಸ್ಪೀಕಿಂಗ್ 6.5ರ ಕೆಳಗೆ ಜಾರದಂತೆ ನೋಡಿಕೊಂಡರೆ ಸಾಕು. ಬುಕ್ ಮಾಡುವ ಮುನ್ನ ಎನ್‌ಎಂಸಿ ಪುಟದಲ್ಲಿ ನಿಯಮ ಇನ್ನೊಮ್ಮೆ ಓದಿಕೊಳ್ಳಿ, ಇವು ಆಗಾಗ ಬದಲಾಗುತ್ತವೆ.

ರೀಡಿಂಗ್ ವಿಷಯ. ಅಕಾಡೆಮಿಕ್‌ನಲ್ಲಿ 40ಕ್ಕೆ ಸುಮಾರು 30 ಸರಿಯಾದರೆ 7 ಬರುತ್ತದೆ. ನಿಮಗೆ ಬೇಕಾದ್ದು ಇನ್ನು ಎರಡೇ ಉತ್ತರ, ಅದಕ್ಕೆ ಇನ್ನಷ್ಟು ಮಾಕ್ ಟೆಸ್ಟ್ ಬೇಡ. ಈಗಾಗಲೇ ಮಾಡಿದ ಟೆಸ್ಟ್‌ಗಳನ್ನು ಮತ್ತೆ ತೆಗೆಯಿರಿ. ತಪ್ಪಾದ ಪ್ರತಿಯೊಂದು ಪ್ರಶ್ನೆಗೂ ಉತ್ತರವಿದ್ದ ಸಾಲನ್ನು ಗುರುತು ಹಾಕಿ, ಪಕ್ಕದಲ್ಲಿ ಕಾರಣ ಬರೆಯಿರಿ: ಜಾಗವೇ ಸಿಗಲಿಲ್ಲ, ಜಾಗ ಸಿಕ್ಕಿತು ಆದರೆ ಅರ್ಥ ತಪ್ಪಿತು, ಅಥವಾ ಸಮಯ ಸಾಲಲಿಲ್ಲ. ನಾಲ್ಕೈದು ಟೆಸ್ಟ್ ಹೀಗೆ ನೋಡಿದರೆ ಯಾವ ಬಗೆಯ ಪ್ರಶ್ನೆ ನಿಮ್ಮ ಅಂಕ ತಿನ್ನುತ್ತಿದೆ ಎಂದು ಕಣ್ಣಿಗೆ ಬೀಳುತ್ತದೆ.

ನರ್ಸ್‌ಗಳಿಗೆ ಹೆಚ್ಚಾಗಿ ಕೈಕೊಡುವುದು ಟ್ರೂ, ಫಾಲ್ಸ್, ನಾಟ್ ಗಿವನ್. ಆ್ಯಂಟಿಬಯಾಟಿಕ್ ಬಗ್ಗೆ ಪ್ಯಾಸೇಜ್ ಬಂದರೆ ವಾರ್ಡಿನಲ್ಲಿ ಗೊತ್ತಿರುವ ವಿಷಯ ಮುಂದೆ ಬಂದು ನಿಲ್ಲುತ್ತದೆ. ಹೇಳಿಕೆ ನಿಜವೇ ಇರಬಹುದು, ಆದರೆ ಪ್ಯಾಸೇಜ್ ಅದನ್ನು ಹೇಳದಿದ್ದರೆ ಉತ್ತರ ನಾಟ್ ಗಿವನ್. ಫಾಲ್ಸ್ ಆಗಬೇಕಾದರೆ ಅದಕ್ಕೆ ವಿರುದ್ಧವಾದ ಮಾತು ಅಲ್ಲಿರಲೇಬೇಕು. ಪ್ರಶ್ನೆಯಲ್ಲಿ ಆಲ್, ಓನ್ಲಿ, ಮೋಸ್ಟ್ ಇದ್ದರೆ ಅಲ್ಲೇ ನಿಂತು ಹೋಲಿಸಿ. ಈ ಪ್ರಶ್ನೆಗಳು ಪ್ಯಾಸೇಜಿನ ಕ್ರಮದಲ್ಲೇ ಬರುತ್ತವೆ. ಹಾಗಾಗಿ 3ನೆಯದೂ 5ನೆಯದೂ ಸಿಕ್ಕಿದ್ದರೆ 4ನೆಯದನ್ನು ಅವೆರಡರ ನಡುವೆ ಮಾತ್ರ ಹುಡುಕಿ. ಅಲ್ಲಿ ಇಲ್ಲದಿದ್ದರೆ ನಾಟ್ ಗಿವನ್ ಹಾಕಿ ಮುಂದೆ ಹೋಗಿ. 60 ನಿಮಿಷವನ್ನು 17, 20, 23 ಎಂದು ಹಂಚಿಕೊಳ್ಳಿ, ಮೂರನೆಯ ಪ್ಯಾಸೇಜ್ ಸಾಮಾನ್ಯವಾಗಿ ಕಠಿಣ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಖಾಲಿ ಬಿಡಬೇಡಿ.

ಬಿಳಿಹಾಳೆ
ರೈಟಿಂಗ್ 6ರಲ್ಲಿ ಸಿಕ್ಕಿಕೊಂಡವರಿಗೆ ಕೋಚಿಂಗ್‌ಗಳು ದೊಡ್ಡ ಪದಗಳ ಪಟ್ಟಿ ಕೊಡುತ್ತವೆ. ನನ್ನ ಪ್ರಕಾರ ಅದೇ ದೊಡ್ಡ ಅಡ್ಡಿ. 'ಇನ್ ದಿಸ್ ಮಾಡರ್ನ್ ಎರಾ' ಎಂದು ಬಾಯಿಪಾಠದ ಸಾಲಿನಿಂದ ಶುರುಮಾಡಿದರೆ ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ, ಅದಕ್ಕೆ ಅಂಕವಿಲ್ಲ. ನಾಲ್ಕು ಅಳತೆಗೋಲಿಗೂ ಸಮಪಾಲು: ಪ್ರಶ್ನೆಗೆ ಉತ್ತರ ಕೊಟ್ಟಿದ್ದೀರಾ, ಜೋಡಣೆ ಹೇಗಿದೆ, ಪದಬಳಕೆ, ವ್ಯಾಕರಣ. ವ್ಯಾಕರಣದಲ್ಲಿ 7 ಬೇಕಾದರೆ ತಪ್ಪೇ ಇಲ್ಲದ ವಾಕ್ಯಗಳು ಮತ್ತೆ ಮತ್ತೆ ಬರಬೇಕು. ಆದ್ದರಿಂದ ವಾಕ್ಯ ಉದ್ದ ಮಾಡುವುದಕ್ಕಿಂತ ತಪ್ಪು ಕಡಿಮೆ ಮಾಡುವುದು ಬೇಗ ಫಲ ಕೊಡುತ್ತದೆ.

ಕನ್ನಡದಲ್ಲಿ ಯೋಚಿಸಿ ಬರೆಯುವವರ ತಪ್ಪುಗಳು ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ 'ಎ', 'ದ' ಇಲ್ಲದ್ದರಿಂದ ಬೇಕಾದಲ್ಲಿ ಬಿಡುತ್ತೇವೆ, ಬೇಡದಲ್ಲಿ ಹಾಕುತ್ತೇವೆ. 'ಐ ಆ್ಯಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್' ಬದಲು 'ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಫೈವ್ ಇಯರ್ಸ್' ಬರಬೇಕು. ಇಕ್ವಿಪ್‌ಮೆಂಟ್, ಇನ್ಫರ್ಮೇಶನ್, ಅಡ್ವೈಸ್ ಇವಕ್ಕೆ ಬಹುವಚನದ ಎಸ್ ಸೇರಿಸಬಾರದು. 'ಡಿಸ್ಕಸ್ ಅಬೌಟ್' ತಪ್ಪು, 'ಡಿಸ್ಕಸ್' ಒಂದೇ ಸಾಕು. ಕಾಮಾ ಹಾಕಿ ಎರಡು ಪೂರ್ಣ ವಾಕ್ಯ ಅಂಟಿಸುವುದೂ ಬಹಳ. ಪ್ರತಿ ಪ್ರಬಂಧದ ಕೊನೆಗೆ ನಾಲ್ಕು ನಿಮಿಷ ಉಳಿಸಿಕೊಂಡು, ಹೊಸದೇನೂ ಬರೆಯದೆ, ಈ ತಪ್ಪುಗಳನ್ನಷ್ಟೇ ಹುಡುಕಿ.

ಟಾಸ್ಕ್ 1 (ಚಾರ್ಟ್ ವಿವರಣೆ) 20 ನಿಮಿಷ, ಕನಿಷ್ಠ 150 ಪದ. ಟಾಸ್ಕ್ 2 (ಪ್ರಬಂಧ) 40 ನಿಮಿಷ, ಕನಿಷ್ಠ 250 ಪದ. ಎರಡನೆಯದಕ್ಕೆ ಎರಡು ಪಟ್ಟು ತೂಕ, ಆದ್ದರಿಂದ ಮೊದಲು ಅದನ್ನೇ ಬರೆದರೂ ಸರಿ. ಚಾರ್ಟಿನಲ್ಲಿ ಒಟ್ಟಾರೆ ಏನು ಕಾಣುತ್ತದೆ ಎಂಬ ಓವರ್‌ವ್ಯೂ ಇಲ್ಲದೆ ಅಂಕಿಅಂಶ ಮಾತ್ರ ಪೋಣಿಸಿದರೆ ಬ್ಯಾಂಡ್ (ಅಂಕದ ಮಟ್ಟ) ಅಲ್ಲೇ ಕುಸಿಯುತ್ತದೆ. ಕಾರಣವಾಗಲಿ ಅಭಿಪ್ರಾಯವಾಗಲಿ ಅಲ್ಲಿ ಬೇಡ. 40 ಪರ್ಸೆಂಟ್ 60 ಆದರೆ ಅದು 'ರೋಸ್ ಟು 60 ಪರ್ಸೆಂಟ್'. 'ರೋಸ್ ಬೈ 60' ಅಂದರೆ ಲೆಕ್ಕವೇ ತಪ್ಪು. ಟಾಸ್ಕ್ 2ರಲ್ಲಿ ಪ್ರಶ್ನೆಗೆ ಎರಡು ಭಾಗವಿದ್ದರೆ ಎರಡಕ್ಕೂ ಉತ್ತರವಿರಬೇಕು. ನಿಮ್ಮ ನಿಲುವು ಪೀಠಿಕೆಯಲ್ಲಿ ಒಂದು, ಕೊನೆಯಲ್ಲಿ ಇನ್ನೊಂದು ಆಗಬಾರದು.

ತುಂಗಾತೀರ
ತುಂಬಾ ಉಪಯೋಗವಾಯಿತು. ಹಾಗಾದರೆ ಓಇಟಿ ಯೋಚನೆಯೇ ಬೇಡವಾ? ವಿಷಯ ನಮ್ಮದೇ ಅಲ್ಲವಾ ಅಂತ ಕೇಳುತ್ತಿದ್ದೇನೆ.

ದಾದಿಮನೆ
ವಿಷಯ ನಮ್ಮದೇ, ಆದರೆ ಹೊಸದಾಗಿ ಶುರುಮಾಡಬೇಕು. ಐಇಎಲ್‌ಟಿಎಸ್ ಅಂಕವನ್ನು ಓಇಟಿ ಅಂಕದ ಜೊತೆ ಸೇರಿಸಲಾಗದು, ನಿಮ್ಮ 7.5 ಅಲ್ಲಿ ಲೆಕ್ಕಕ್ಕಿಲ್ಲ. ಎನ್‌ಎಂಸಿಗೆ ಅಲ್ಲಿ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್‌ನಲ್ಲಿ ಬಿ, ಅಂದರೆ 350. ರೈಟಿಂಗ್‌ನಲ್ಲಿ ಸಿ ಪ್ಲಸ್, 300. ಫೀಸೂ ಹೆಚ್ಚು.

ರೈಟಿಂಗ್ ಅಂದರೆ ಕೇಸ್ ನೋಟ್ಸ್ ನೋಡಿ 180ರಿಂದ 200 ಪದದ ಪತ್ರ: 5 ನಿಮಿಷ ಓದಲು ಮಾತ್ರ, 40 ನಿಮಿಷ ಬರೆಯಲು. ಅಲ್ಲಿ ಸೋಲುವುದು ಎಲ್ಲಾ ನೋಟ್ಸ್ ತುಂಬಿಸುವವರು. ಡಿಸ್ಚಾರ್ಜ್ ಆದ ರೋಗಿಯ ಗಾಯದ ಡ್ರೆಸ್ಸಿಂಗ್‌ಗೆ ಕಮ್ಯುನಿಟಿ ನರ್ಸ್‌ಗೆ ಬರೆಯುವಾಗ, ಗಾಯ ಮಾಯುವುದಕ್ಕೆ ಡಯಾಬಿಟಿಸ್ ಮುಖ್ಯ. ಎಂದೋ ಆದ ಟಾನ್ಸಿಲ್ ಆಪರೇಷನ್ ಬೇಡ. ಪತ್ರ ಯಾಕೆ ಬರೆದಿದ್ದು ಎಂಬುದು ಮೊದಲ ಪ್ಯಾರಾದಲ್ಲೇ ಇರಬೇಕು. ರೀಡಿಂಗ್ ಪಾರ್ಟ್ ಎ 15 ನಿಮಿಷಕ್ಕೆ 20 ಪ್ರಶ್ನೆ. ನಿಧಾನಕ್ಕೆ ಓದುವವರಿಗೆ ಇದು ಐಇಎಲ್‌ಟಿಎಸ್‌ಗಿಂತ ಕಷ್ಟ. ಅರ್ಧ ಬ್ಯಾಂಡ್ ದೂರದಲ್ಲಿರುವ ನೀವು ಬದಲಾಯಿಸುವುದರಲ್ಲಿ ಲಾಭ ಕಾಣುತ್ತಿಲ್ಲ.

ಲಿಸನಿಂಗ್, ಸ್ಪೀಕಿಂಗ್ ಪೂರ್ತಿ ಬಿಟ್ಟುಬಿಡಬೇಡಿ, ವಾರಕ್ಕೆ ಒಂದೊಂದು ಸಾಕು. ಲಿಸನಿಂಗ್‌ನಲ್ಲಿ ಸ್ಪೆಲಿಂಗ್ ತಪ್ಪಿದರೆ, ಕೊನೆಯ ಎಸ್ ಬಿಟ್ಟರೆ, ಎರಡು ಪದದ ಮಿತಿಗೆ ಮೂರು ಪದ ಬರೆದರೆ ಉತ್ತರ ಹೋಯಿತು. ಸ್ಪೀಕಿಂಗ್‌ನಲ್ಲಿ ನಮ್ಮ ಧಾಟಿಗೆ ಅಂಕ ಕಳೆಯುವುದಿಲ್ಲ. ಆದರೆ 'ಎವ್ರಿ'ಯನ್ನು 'ಯೆವ್ರಿ' ಅನ್ನುವುದು, 'ಬಸ್' ಕೊನೆಗೆ ಉಕಾರ ಎಳೆಯುವುದು ಮಾತು ಅರ್ಥವಾಗದ ಮಟ್ಟಕ್ಕೆ ಹೋಗಬಾರದು.

ಕಡಲತಡಿ
ಬುಕ್ ಮಾಡುವಾಗ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಹಾಕಿ. ನಮ್ಮಲ್ಲಿ ಮಾರ್ಕ್ಸ್‌ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿದ ಊರಿನ ಹೆಸರೋ ತಂದೆಯ ಹೆಸರೋ ಇರುತ್ತದೆ. ಎರಡು ಪರೀಕ್ಷೆಯ ಫಲಿತಾಂಶ ಸೇರಿಸುವವರ ಹೆಸರು ಎರಡರಲ್ಲೂ ಅಕ್ಷರಶಃ ಒಂದೇ ಇರಲಿ.