ಟೋಕಿಯೋದಲ್ಲಿ ಸಸ್ಯಾಹಾರಿ ಅಡುಗೆಮನೆ: ಮೀನಿಲ್ಲದ ದಾಶಿ, ಲೇಬಲ್, ಮಿಕ್ಸಿ, ಅನ್ನ

ಕೆರೆಬದಿ ಕೇಳಿದ್ದು:

ನಮಸ್ಕಾರ. ಏಪ್ರಿಲ್‌ನಲ್ಲಿ ಕೆಲಸದ ಮೇಲೆ ಟೋಕಿಯೋಗೆ ಹೊರಡುತ್ತಿದ್ದೇವೆ. ಮನೆ ಎದೊಗಾವಾ ವಾರ್ಡಿನ ನಿಶಿ-ಕಸಾಯ್ ಹತ್ತಿರ. ಇಬ್ಬರೂ ಮೊಟ್ಟೆಯನ್ನೂ ತಿನ್ನುವುದಿಲ್ಲ. ಬೇಸಿಗೆಯಲ್ಲಿ ಅತ್ತೆಯವರು ಮೂರು ತಿಂಗಳಿಗೆ ಬರುತ್ತಾರೆ, ಅವರಿಗೆ ಈರುಳ್ಳಿ, ಬೆಳ್ಳುಳ್ಳಿ, ಅಣಬೆ ಮೂರೂ ಆಗದು. ನಿಶಿ-ಕಸಾಯ್‌ನಲ್ಲಿ ಭಾರತೀಯ ಅಂಗಡಿಗಳಿವೆ, ಬೇಳೆ, ಹುಣಸೆಹಣ್ಣು, ಸಾರಿನಪುಡಿಯ ಚಿಂತೆ ಇಲ್ಲ. ಆದರೆ ಅಲ್ಲಿದ್ದುಕೊಂಡು ಅಲ್ಲಿನ ಅಡುಗೆ ಕಲಿಯದೆ ಬರೋಕೆ ಮನಸ್ಸಿಲ್ಲ.

ಮಿಸೋ (ಹುದುಗಿಸಿದ ಸೋಯಾ ಮುದ್ದೆ) ಸೂಪನ್ನು ಮೀನಿಲ್ಲದೆ ರುಚಿಯಾಗಿ ಮಾಡೋದು ಹೇಗೆ? ಸೂಪರ್‌ಮಾರ್ಕೆಟ್ಟಿನಲ್ಲಿ ಮೀನಿನ ಅಂಶ ಇಲ್ಲದ್ದನ್ನು ಗುರುತಿಸೋದು ಹೇಗೆ? ಇಲ್ಲಿಂದ ಮಿಕ್ಸಿ, ಕುಕ್ಕರ್ ತಗೊಂಡು ಹೋಗಬಹುದಾ? ಜಪಾನಿನ ಅಕ್ಕಿಯಲ್ಲಿ ನಮ್ಮ ಅನ್ನ ಆಗುತ್ತಾ?

ಸೌಟು_ಹಿಡಿದವರು:

ಜಪಾನಿನಲ್ಲಿ ಸಸ್ಯಾಹಾರಿಗೆ ದೊಡ್ಡ ತೊಡಕು ಮಾಂಸ ಅಲ್ಲ, ದಾಶಿ. ನಮ್ಮಲ್ಲಿ ಸಾರಿಗೆ ಬೇಳೆಕಟ್ಟು ಇದ್ದ ಹಾಗೆ ಅಲ್ಲಿ ಸೂಪು, ಪಲ್ಯ, ನೂಡಲ್ಸಿನ ರಸ ಎಲ್ಲಕ್ಕೂ ಬುಡದಲ್ಲಿರುವ ತಿಳಿ. ಸಾಮಾನ್ಯ ದಾಶಿಯಲ್ಲಿ ಎರಡು ವಸ್ತು: ಕೊಂಬು ಅನ್ನುವ ಒಣಗಿಸಿದ ಕಡಲಪಾಚಿ, ಮತ್ತು ಕತ್ಸುವೊಬುಶಿ, ಅಂದರೆ ಟ್ಯೂನಾ ಜಾತಿಯ ಕತ್ಸುವೊ ಮೀನನ್ನು ಹೊಗೆಯಲ್ಲಿ ಒಣಗಿಸಿ ಹೆರೆದ ತೆಳು ಪದರ.

ಕೊಂಬುವಿನ ರುಚಿಗೆ ಕಾರಣ ಗ್ಲುಟಮೇಟ್ ಎಂದು ಕಿಕುನಾಯೆ ಇಕೆಡಾ 1908ರಲ್ಲಿ ತೋರಿಸಿದರು, ಸಿಹಿ, ಹುಳಿ, ಉಪ್ಪು, ಕಹಿ ಅಲ್ಲದ ಈ ಐದನೇ ರುಚಿಗೆ 'ಉಮಾಮಿ' ಅನ್ನುವ ಹೆಸರೂ ಅವರದೇ. ಕತ್ಸುವೊದಲ್ಲಿ ಇರೋದು ಇನೊಸಿನೇಟ್, ಒಣ ಶೀಟಾಕೆ ಅಣಬೆಯಲ್ಲಿ ಗ್ವಾನಿಲೇಟ್. ಗ್ಲುಟಮೇಟ್ ಜೊತೆ ಈ ಎರಡರಲ್ಲಿ ಯಾವುದೊಂದು ಸೇರಿದರೂ ರುಚಿ ಹಲವು ಪಟ್ಟು ಏರುತ್ತೆ. ಆದ್ದರಿಂದ ಮೀನಿನ ಜಾಗಕ್ಕೆ ಶೀಟಾಕೆ ಹಾಕೋದು ಕಾಟಾಚಾರದ ಬದಲಿ ಅಲ್ಲ. ಬೌದ್ಧ ಮಠಗಳ ಶೋಜಿನ್ ಅಡುಗೆ ಶತಮಾನಗಳಿಂದ ಹೀಗೇ ನಡೆದಿದೆ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ, ಹಾಗಾಗಿ ಅಣಬೆಯೊಂದನ್ನು ಬಿಟ್ಟರೆ ನಿಮ್ಮ ಅತ್ತೆಯವರಿಗೆ ಹೇಳಿ ಮಾಡಿಸಿದಂಥದ್ದು.

ನಿಮ್ಮಿಬ್ಬರಿಗೆ: 1 ಲೀಟರ್ ತಣ್ಣೀರು, 10 ಗ್ರಾಂ ಕೊಂಬು, 3–4 ಒಣ ಶೀಟಾಕೆ. ಬೇರೆ ಬೇರೆ ಪಾತ್ರೆಯಲ್ಲಿ ನೆನೆಹಾಕಿ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಬಿಡಿ. ಕೊಂಬುವಿನ ಮೇಲೆ ಬೂದಿ ಬಳಿದ ಹಾಗೆ ಬಿಳಿ ಪುಡಿ ಕಾಣುತ್ತೆ. ಅದು ಬೂಸ್ಟಲ್ಲ, ರುಚಿಯ ಭಾಗ, ತೊಳೆಯಬೇಡಿ. ಒದ್ದೆ ಬಟ್ಟೆಯಲ್ಲಿ ಮಣ್ಣು ಒರೆಸಿದರೆ ಸಾಕು. ಬೆಳಿಗ್ಗೆ ಕೊಂಬು ಇರುವ ನೀರನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿ, ತಳದಲ್ಲಿ ಸಾಸಿವೆಕಾಳಿನಷ್ಟು ಗುಳ್ಳೆ ಎದ್ದ ತಕ್ಷಣ ಕೊಂಬು ತೆಗೆಯಿರಿ. ಕುದಿಸಿದರೆ ಲೋಳೆ ಬಿಟ್ಟು ಪಾಚಿಯ ವಾಸನೆ ಬರುತ್ತೆ. ಆಮೇಲೆ ಶೀಟಾಕೆಯ ನೀರನ್ನು ಸೋಸಿ ಸೇರಿಸಿ, ನಿಧಾನ ಬಿಸಿ ಮಾಡಿ ಒಂದು ಕುದಿ ಬರಿಸಿ. ಅವಸರಕ್ಕೆ ಅಣಬೆಯನ್ನು ಬಿಸಿನೀರಲ್ಲಿ ನೆನೆಸುವವರು ಬಹಳ. ಆಗ ಕಹಿ ಬಿಡುತ್ತೆ, ಉಮಾಮಿ ಕಟ್ಟೋದಿಲ್ಲ.

ಅತ್ತೆಯವರಿಗೆ ಅಣಬೆ ಬಿಟ್ಟು: 10 ಗ್ರಾಂ ಕೊಂಬು, ಎಣ್ಣೆ ಹಾಕದೆ ಕಂದು ಚುಕ್ಕೆ ಬರೋವರೆಗೆ ಹುರಿದ ಸೋಯಾ ಕಾಳು 30 ಗ್ರಾಂ, ಕನ್ಪ್ಯೋ 10 ಗ್ರಾಂ. ಕನ್ಪ್ಯೋ ಅಂದರೆ ಬೇರೇನಲ್ಲ, ನಮ್ಮ ಸೋರೆಕಾಯಿಯ ತಿರುಳನ್ನು ರಿಬ್ಬನ್ನಿನ ಹಾಗೆ ಸುಲಿದು ಒಣಗಿಸಿದ್ದು, ಜಪಾನಿನಲ್ಲೇ ತಯಾರಾಗುವುದರಲ್ಲಿ ಹೆಚ್ಚಿನ ಪಾಲು ತೊಚಿಗಿ ಪ್ರಾಂತದ್ದು. ಇದನ್ನು ಮಾತ್ರ ಉಪ್ಪು ಹಾಕಿ ಉಜ್ಜಿ ತೊಳೆಯಬೇಕು, ಇಲ್ಲದಿದ್ದರೆ ಬಿಳುಪಿಸಲು ಬಳಸಿದ ಗಂಧಕದ ವಾಸನೆ ಉಳಿಯುತ್ತೆ. ಮೂರನ್ನೂ ಒಟ್ಟಿಗೆ ರಾತ್ರಿ ನೆನೆಸಿ, ಮೇಲಿನ ಹಾಗೇ ಬಿಸಿ ಮಾಡಿ ಸೋಸಿ. ಹುರಿದ ಕಾಳಿನ ಘಮ ಮೀನಿನ ಹೊಗೆವಾಸನೆಯ ಕೊರತೆಯನ್ನು ತುಂಬುತ್ತೆ.

ಮಿಸೋ ಸೂಪು ಇಬ್ಬರಿಗೆ: 400 ಮಿಲಿ ದಾಶಿ, 150 ಗ್ರಾಂ ತೋಫು, 2 ಗ್ರಾಂ ಒಣ ವಕಾಮೆ (ಇದೂ ಕಡಲಪಾಚಿಯೇ, ನೆನೆದರೆ ಹತ್ತು ಪಟ್ಟು ಉಬ್ಬುತ್ತೆ, ಕಣ್ಣಳತೆಯಲ್ಲಿ ಸುರಿಯಬೇಡಿ), ಮಿಸೋ 30 ಗ್ರಾಂ. ತೋಫು ಬಿಸಿಯಾದ ಮೇಲೆ ಒಲೆ ಆರಿಸಿ, ಆಮೇಲೆ ಮಿಸೋವನ್ನು ಸೌಟಿನಲ್ಲಿ ಸ್ವಲ್ಪ ದಾಶಿಯೊಂದಿಗೆ ಕದಡಿ ಬಿಡಿ. ಮಿಸೋ ಹಾಕಿ ಕುದಿಸಿದರೆ ಪರಿಮಳ ಹಾರಿಹೋಗಿ ಬರೀ ಉಪ್ಪು ಉಳಿಯುತ್ತೆ. ಕ್ಯೋತೋದ ಬಿಳಿ ಮಿಸೋದಲ್ಲಿ ಉಪ್ಪು ಕಮ್ಮಿ, ಹಾಗಾಗಿ ಅದು ಇದರ ಹೆಚ್ಚುಕಡಿಮೆ ಎರಡರಷ್ಟು ಹಿಡಿಸುತ್ತೆ.

ಒಂದು ಎಚ್ಚರಿಕೆ: ಕೊಂಬುವಿನಲ್ಲಿ ಅಯೋಡಿನ್ ಬಹಳ. ಮನೆಯಲ್ಲಿ ಯಾರಾದರೂ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ದಿನವೂ ಬಳಸುವ ಮೊದಲು ಡಾಕ್ಟರನ್ನು ಕೇಳಿ.

ಚೀಟಿ_ಓದುಗ:

ದಾಶಿಯ ಬಗ್ಗೆ ಮೇಲೆ ಪೂರ್ತಿ ಬಂದಿದೆ. ನಾನು ಲೇಬಲ್ ವಿಷಯ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಎಡವೋದು ಇಲ್ಲೇ.

ಪ್ಯಾಕೆಟ್ಟಿನ ಹಿಂಬದಿಯ ಅಲರ್ಜಿ ಪಟ್ಟಿಯನ್ನೇ ನೋಡಿ 'ಮೀನಿಲ್ಲ' ಅಂದುಕೊಳ್ಳಬೇಡಿ. ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ ಇಂಥವನ್ನು ಅಲ್ಲಿ ಬರೆಯಲೇಬೇಕು. ಆದರೆ ಕಡ್ಡಾಯದ ಸಾಲಿನಲ್ಲಿ ಮೀನು ಇಲ್ಲ. ಬರೆದರೆ ಒಳ್ಳೆಯದು ಅನ್ನುವ ಎರಡನೇ ಸಾಲಿನಲ್ಲಿ ಸಾಲ್ಮನ್, ಬಂಗುಡೆ ಜಾತಿಯ ಸಾಬಾ ಇವೆ, ಕತ್ಸುವೊ ಅಲ್ಲೂ ಇಲ್ಲ. ಆದ್ದರಿಂದ ಮೊಟ್ಟೆಗೆ ಅಲರ್ಜಿ ಪಟ್ಟಿ ನಂಬಿ, ಮೀನಿಗೆ ಪೂರ್ತಿ ಪದಾರ್ಥಗಳ ಪಟ್ಟಿಯನ್ನೇ ಓದಿ. ಆ ಪಟ್ಟಿಯ ಹೆಸರು 'ಗೆನ್‌ಝೈರ್ಯೋಮೇ'. ಫೋನಿನ ಕ್ಯಾಮೆರಾ ಅನುವಾದ ಹಿಡಿದು ಈ ಪದಗಳನ್ನು ಹುಡುಕಿ: ಕತ್ಸುವೊ, ನಿಬೋಶಿ (ಬೇಯಿಸಿ ಒಣಗಿಸಿದ ಸಣ್ಣ ಮೀನು), ಗ್ಯೋಕಾಯ್ ಎಕಿಸು (ಮೀನು-ಚಿಪ್ಪುಗಳ ಸಾರ), ಚಿಕಿನ್ ಎಕಿಸು (ಕೋಳಿಯ ಸಾರ), ಪೋಕು ಎಕಿಸು (ಹಂದಿಯ ಸಾರ), ರಾಡೊ (ಹಂದಿಕೊಬ್ಬು), ಝೆರಾಚಿನ್ (ಜೆಲಾಟಿನ್). 'ಎಕಿಸು' ಅಂತ ಕೊನೆಯಾಗುವ ಯಾವ ಪದ ಕಂಡರೂ ನಿಂತು ನೋಡಿ.

ಮಿಸೋ ಡಬ್ಬಿಯ ಮೇಲೆ 'ದಾಶಿ-ಇರಿ' ಇದ್ದರೆ ದಾಶಿ ಮೊದಲೇ ಸೇರಿದೆ ಅಂತ, ಸಾಮಾನ್ಯವಾಗಿ ಮೀನಿನದ್ದು. 'ಮುತೆನ್ಕಾ' ಅಂದರೆ ಕೃತಕ ಸೇರ್ಪಡೆ ಇಲ್ಲ ಅಂತ ಮಾತ್ರ, ಮೀನಿಲ್ಲ ಅಂತಲ್ಲ. ಸೋಯಾ ಕಾಳು, ಅಕ್ಕಿ, ಉಪ್ಪು ಇಷ್ಟೇ ಬರೆದಿರುವ ಡಬ್ಬಿ ನಿಮ್ಮದು.

ತೋಫುವಿನ ಸಾಲಿನಲ್ಲಿ ಕಣ್ಣಿಗೆ ಮೋಸ ಮಾಡುವ ಎರಡಿವೆ. ತಮಾಗೊ-ದೋಫು ಅಂದರೆ ಮೊಟ್ಟೆ. ಬೆಳ್ಳಗೆ ಚೌಕವಾಗಿ ಮೆತ್ತಗಿರುವ ಹಾನ್‌ಪೆನ್ ಅಂದರೆ ಅರೆದ ಮೀನು. ಗೋಮಾ-ದೋಫು ಎಳ್ಳಿನದು, ಧಾರಾಳವಾಗಿ ತಿನ್ನಿ, ಆದರೆ ಜೊತೆಗಿರುವ ರಸದ ಪುಟ್ಟ ಪೊಟ್ಟಣ ಬಿಸಾಡಿ, ಅದರಲ್ಲಿ ಕತ್ಸುವೊ ಇರುತ್ತೆ. ಜಪಾನೀ ಕರಿ ಮಾಡುವ ಇಟ್ಟಿಗೆಯಂಥ ಮಸಾಲೆಯಲ್ಲಿ ದನದ ಅಥವಾ ಹಂದಿಯ ಕೊಬ್ಬು ಸಾಮಾನ್ಯ.

ಹೊರಗೆ ತಿನ್ನುವಾಗ 'ಬೆಜಿತಾರಿಯನ್' ಅಂದರೆ ಮಾಂಸದ ತುಂಡು ಬೇಡ ಅಂತಷ್ಟೇ ಅರ್ಥವಾಗುತ್ತೆ. ದಾಶಿಯನ್ನು ಅವರು ಮೀನು ಅಂತ ಎಣಿಸೋದಿಲ್ಲ, ಉಪ್ಪು-ಹುಳಿಯ ಹಾಗೆ ಅದೊಂದು ಮೂಲ ಪದಾರ್ಥ. ಇದರಲ್ಲಿ ಮೋಸವೇನಿಲ್ಲ, ಕೇಳುವ ಪ್ರಶ್ನೆ ಬದಲಾಗಬೇಕು. ಹೀಗೆ ಹೇಳಿ: 'ನಿಕು ತೊ ಸಕಾನಾ ವಾ ತಬೆಮಾಸೆನ್. ಕತ್ಸುವೊ ನೊ ದಾಶಿ ಮೊ ತಬೆರಾರೆಮಾಸೆನ್.' ಮಾಂಸ-ಮೀನು ತಿನ್ನುವುದಿಲ್ಲ, ಕತ್ಸುವೊ ದಾಶಿಯೂ ಆಗದು ಅಂತ. ಬಾಯಿಪಾಠ ಬಾರದಿದ್ದರೆ ಜಪಾನೀಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಳ್ಳಿ. ಸೋಬಾ, ಉದೊನ್ ಅನ್ನುವ ನೂಡಲ್ಸ್ ಅಂಗಡಿಗಳ ರಸ ಹೆಚ್ಚುಕಮ್ಮಿ ಎಲ್ಲೆಡೆ ಮೀನಿನದ್ದೇ. ನಮ್ಮ ಬಜ್ಜಿಯಂಥ ತೆಂಪುರಾದ ಹಿಟ್ಟಿನಲ್ಲಿ ಮೊಟ್ಟೆ ಇರೋದುಂಟು. ಪ್ರಯಾಣದಲ್ಲಿ ಹಸಿವಾದರೆ ಸೌತೆಕಾಯಿಯ ಸುಶಿ ಸುರುಳಿ ಕಪ್ಪಾ-ಮಾಕಿ, ಬರೀ ಉಪ್ಪಿನ ಅನ್ನದುಂಡೆ ಶಿಯೊ-ಮುಸುಬಿ ಇವುಗಳ ಚೀಟಿ ನೋಡಿ ತಗೊಳ್ಳಿ. ಕೊಂಬು ಅಥವಾ ಉಮೆ (ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು) ತುಂಬಿದ ಅನ್ನದುಂಡೆ ಹೆಸರಿಗೆ ಸಸ್ಯಾಹಾರ, ಹೂರಣಕ್ಕೆ ಕತ್ಸುವೊ ಬೆರೆಸಿರೋದುಂಟು.

ಕೆರೆಬದಿ:

ಇಬ್ಬರಿಗೂ ತುಂಬಾ ಧನ್ಯವಾದ. ಇಲ್ಲೇ ಬೆಂಗಳೂರಿನಲ್ಲಿ ಕೊಂಬು ಸಿಕ್ಕಿತು, ಅಳತೆ ಪ್ರಕಾರ ಮಾಡಿದರೂ ದಾಶಿ ಸಪ್ಪೆ, ಮೇಲೆ ಸಣ್ಣ ನೊರೆ ಕಟ್ಟಿತ್ತು. ಕುದಿಸಿಲ್ಲ. ನೀರು ಬೋರ್‌ವೆಲ್‌ದು. ಅದೇ ಕಾರಣವಾ?

ಸೌಟು_ಹಿಡಿದವರು:

ಅದೇ. ಗಡಸು ನೀರಿನ ಕ್ಯಾಲ್ಸಿಯಂ ಕೊಂಬುವಿನ ಲೋಳೆಯ ಅಂಶದೊಂದಿಗೆ ಕೂಡಿ ನೊರೆಯಾಗುತ್ತೆ, ರುಚಿಯೂ ಸರಿಯಾಗಿ ಬಿಡೋದಿಲ್ಲ. ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯೋಕೆ ಸತಾಯಿಸುತ್ತಲ್ಲ, ಹಾಗೇ. ಆರ್‌ಒ ನೀರಲ್ಲಿ ಮಾಡಿ ನೋಡಿ. ಜಪಾನಿನ ನಲ್ಲಿನೀರು ಬಹುಪಾಲು ಮೆದು. ಅದರಲ್ಲೂ ಕ್ಯೋತೋ ಕಡೆಗಿಂತ ಟೋಕಿಯೋ ನೀರು ತುಸು ಗಡಸು, ಹಾಗಾಗಿ ಅಲ್ಲಿ ಕೊಂಬುವನ್ನು ರಾತ್ರಿಯಿಡೀ ನೆನೆಸೋದನ್ನು ತಪ್ಪಿಸಬೇಡಿ.

ಕೊಂಬುವಿನ ಜಾತಿಯನ್ನೂ ನೋಡಿ. ಹಿದಾಕಾ ಬೇಗ ಬೇಯುವ, ತಿನ್ನೋಕೆ ಚೆನ್ನಾಗಿರುವ ಜಾತಿ, ದಾಶಿಗೆ ಸ್ವಲ್ಪ ತೆಳು. ದಾಶಿಗೆ ರಿಶಿರಿ ಅಥವಾ ಮಾ-ಕೊಂಬು ಕೊಳ್ಳಿ. ಎಲ್ಲವೂ ಹೊಕ್ಕೈದೊದವೇ.

ದಾಶಿ ತೆಗೆದ ಕೊಂಬು ಬಿಸಾಡಬೇಡಿ. 50 ಗ್ರಾಂನಷ್ಟು ಕೂಡಿದ ಮೇಲೆ ಎಳೆಯಾಗಿ ಹೆಚ್ಚಿ, 100 ಮಿಲಿ ನೀರು, ಅರ್ಧ ಚಮಚ ವಿನೆಗರ್ ಹಾಕಿ ಮೆತ್ತಗಾಗುವ ತನಕ ಬೇಯಿಸಿ. ಆಮೇಲೆ ಒಂದು ದೊಡ್ಡ ಚಮಚ ಸೋಯಾ ಸಾಸ್, ಎರಡು ಸಣ್ಣ ಚಮಚ ಸಕ್ಕರೆ ಹಾಕಿ ನೀರಾರಿಸಿ, ಹುರಿದ ಎಳ್ಳು ಉದುರಿಸಿ. ಸೋಯಾ ಸಾಸನ್ನು ಮೊದಲೇ ಹಾಕಿದರೆ ಕೊಂಬು ಗಟ್ಟಿಯಾಗೇ ಉಳಿಯುತ್ತೆ. ಇದಕ್ಕೆ ಮಿರಿನ್ (ಅಕ್ಕಿಯಿಂದ ಮಾಡುವ ಸಿಹಿ ಅಡುಗೆ ಮದ್ಯ) ಹಾಕೋದು ರೂಢಿ, ಆದರೆ ಅಸಲಿ ಮಿರಿನ್‌ನಲ್ಲಿ ಸುಮಾರು 14% ಮದ್ಯಸಾರ ಇರುತ್ತೆ, ಅತ್ತೆಯವರಿಗೆ ಮಾಡುವಾಗ ಬಿಟ್ಟುಬಿಡಿ. ಮೊಸರನ್ನದ ಪಕ್ಕಕ್ಕೆ ಉಪ್ಪಿನಕಾಯಿಯಷ್ಟೇ ಚೆನ್ನಾಗಿ ಹೊಂದುತ್ತೆ.

ಮೂರು_ಜಾರು:

ಮಿಕ್ಸಿ ಬಗ್ಗೆ ಯಾರೂ ಹೇಳಿಲ್ಲ. ಜಪಾನಿನಲ್ಲಿ ಕರೆಂಟು 100 ವೋಲ್ಟ್. ನಮ್ಮ 230 ವೋಲ್ಟಿನ ಮಿಕ್ಸಿಗೆ ಅಲ್ಲಿ ಅರ್ಧಕ್ಕಿಂತ ಕಡಿಮೆ ವೋಲ್ಟೇಜ್, ಶಕ್ತಿ ಐದನೇ ಒಂದು ಪಾಲು. ನೆನೆಸಿದ ಉದ್ದು ಹಾಕಿದರೆ ಸಿಕ್ಕಿಹಾಕಿಕೊಂಡು ನಿಲ್ಲುತ್ತೆ, ಸ್ವಿಚ್ ಹಾಕಿಯೇ ಇಟ್ಟರೆ ಕಾಯಿಲ್ ಬಿಸಿಯಾಗುತ್ತೆ. ಟ್ರಾನ್ಸ್‌ಫಾರ್ಮರ್ ಇಡೋಣ ಅಂದರೆ 750 ವಾಟ್ ಮಿಕ್ಸಿಗೆ 1500 ವಾಟಿನದಾದರೂ ಬೇಕು, ಅದು ಭಾರ, ಗೋಡೆಯ ಪ್ಲಗ್ಗಿನ ಮಿತಿಯೂ 1500 ವಾಟೇ. ಅಮೆರಿಕಕ್ಕೆ ಹೋಗುವವರಿಗೆಂದು ಇಲ್ಲೇ ಮಾರುವ 110 ವೋಲ್ಟಿನ ಮಿಕ್ಸಿ ಕೊಳ್ಳಿ. 100ರಲ್ಲಿ ಸ್ವಲ್ಪ ನಿಧಾನ ಓಡುತ್ತೆ, ಅಷ್ಟೇ. ಜಾರು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

ಟೇಬಲ್ ಗ್ರೈಂಡರ್ ಮಾತ್ರ ಯೋಚಿಸಿ ಒಯ್ಯಿರಿ. ಟೋಕಿಯೋದಲ್ಲಿ 50 ಹರ್ಟ್ಸ್, ಒಸಾಕಾದಲ್ಲಿ 60. ಮಿಕ್ಸಿಯ ಬ್ರಶ್ ಮೋಟರಿಗೆ ಅದರಿಂದ ತೊಂದರೆಯಿಲ್ಲ. ಗ್ರೈಂಡರಿನ ಇಂಡಕ್ಷನ್ ಮೋಟರಿಗೆ ಇದೆ: 60 ಹರ್ಟ್ಸಿನದು ಟೋಕಿಯೋದಲ್ಲಿ ನಿಧಾನ ತಿರುಗಿ ಬಿಸಿಯಾಗುತ್ತೆ.

ಕುಕ್ಕರ್: ಮನೆಯಲ್ಲಿ ಗ್ಯಾಸೋ, ಐಎಚ್ (ಇಂಡಕ್ಷನ್) ಒಲೆಯೋ ಮೊದಲು ಕೇಳಿ. ಐಎಚ್ ಆದರೆ ಬರೀ ಅಲ್ಯುಮಿನಿಯಂ ಕುಕ್ಕರ್ ಕೂರಬಹುದು, ಬೇಯಿಸಲ್ಲ. ಇಂಡಕ್ಷನ್ ತಳದ ಸ್ಟೀಲಿನದೇ ಒಯ್ಯಿರಿ. ಗ್ಯಾಸಾದರೆ ಬಾಡಿಗೆ ಮನೆಗಳಲ್ಲಿ ಒಲೆ ನಾವೇ ಕೊಳ್ಳಬೇಕಾಗೋದು ಸಾಮಾನ್ಯ. ಪೈಪಿನ ಗ್ಯಾಸಿಗೆ 'ತೋಶಿ ಗಾಸು' ಒಲೆ, ಸಿಲಿಂಡರಿಗೆ 'ಪುರೋಪಾನ್' ಒಲೆ. ಒಂದರ ಜಾಗದಲ್ಲಿ ಇನ್ನೊಂದು ಹಾಕುವುದು ಅಪಾಯ. ಗ್ಯಾಸ್ ತೆರೆಯೋಕೆ ಕಂಪನಿಯವರು ಬರುವಾಗ ನೀವು ಮನೆಯಲ್ಲಿರಬೇಕು, ದಿನ ಮೊದಲೇ ಗೊತ್ತು ಮಾಡಿ.

ಅಲ್ಲಿನ ಗ್ಯಾಸ್ ಒಲೆಯ ಬರ್ನರಿನ ನಡುವೆ ಸ್ಪ್ರಿಂಗಿನ ಮೇಲೆ ನಿಂತ ಗುಂಡಿಯೊಂದು ಇರುತ್ತೆ, ಪಾತ್ರೆಯ ತಳ ಮುಟ್ಟುವ ಹಾಗೆ. ಅದು ಬಿಸಿ ಅಳೆಯುವ ಸೆನ್ಸರ್, 2008ರಿಂದ ಎಲ್ಲ ಬರ್ನರಿಗೂ ಕಡ್ಡಾಯ. ಸುಮಾರು 250 ಡಿಗ್ರಿ ತಲುಪಿದರೆ ಉರಿ ತಾನೇ ಇಳಿಯುತ್ತೆ. ದೋಸೆ ಕಾವಲಿ ಕಾಯಿಸುವಾಗ, ಖಾರದಪುಡಿಗೆ ಮೆಣಸಿನಕಾಯಿ ಹುರಿಯುವಾಗ 'ಒಲೆ ಕೆಟ್ಟಿದೆ' ಅನ್ನಿಸೋದು ಇದರಿಂದಲೇ. ಹೆಚ್ಚು ಉರಿಗೆಂದೇ ಬೇರೆ ಬಟನ್ ಇರುವ ಒಲೆ ಆರಿಸಿ, ಅದನ್ನು ಒತ್ತಿ ಹಿಡಿದರೆ ಸೆನ್ಸರಿನ ಮಿತಿ ಕೆಲ ನಿಮಿಷ ಮೇಲೇರುತ್ತೆ.

ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಗಟ್ಟಿ ಮಾಡುವ ಪುಡಿ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುತ್ತೆ. ಒಲೆ ಆರಿಸಿ, ಎಣ್ಣೆ ಬಿಸಿಯಿದ್ದಾಗಲೇ ಕಲಕಬೇಕು, ಆರಿದ ಮೇಲೆ ಹಾಕಿದರೆ ಪುಡಿ ಕರಗದೆ ಹಾಗೇ ಕೂರುತ್ತೆ. ಒಂದು ಗಂಟೆಯಲ್ಲಿ ಹಲ್ವಾದ ಹಾಗೆ ಬಿಲ್ಲೆ ಎದ್ದು ಬರುತ್ತೆ, ಸುಡುವ ಕಸದ ದಿನ ಹಾಕಿ. ಹಳೇ ಪೇಪರಿಗೆ ಹೀರಿಸುವುದಾದರೆ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಬೇಸಿಗೆಯಲ್ಲಿ ಎಣ್ಣೆ ಹೀರಿದ ಪೇಪರ್ ತಾನೇ ಹೊತ್ತಿಕೊಳ್ಳಬಹುದು.

ಅಕ್ಕಿರೊಟ್ಟಿ:

ಅನ್ನದ ಬಗ್ಗೆ ನಾಲ್ಕು ಮಾತು. ಅಲ್ಲಿನ ಕುಕ್ಕರಿನ ಕಪ್ಪು 180 ಮಿಲಿ, ಒಂದು 'ಗೋ', ಅಂದರೆ 150 ಗ್ರಾಂ ಅಕ್ಕಿ. ಮೊದಲ ತೊಳೆನೀರನ್ನು ಕೂಡಲೇ ಚೆಲ್ಲಿ, ಒಣ ಅಕ್ಕಿ ಆ ನೀರಿನ ತೌಡಿನ ವಾಸನೆಯನ್ನೇ ಮೊದಲು ಹೀರುತ್ತೆ. ಇನ್ನೂ ಎರಡು ಮೂರು ಸಲ ತೊಳೆದು, ಬೇಸಿಗೆಯಲ್ಲಿ ಅರ್ಧ ಗಂಟೆ, ಚಳಿಯಲ್ಲಿ ಒಂದು ಗಂಟೆ ನೆನೆಸಿ. ಒಂದು ಗೋಗೆ 200 ಮಿಲಿ ನೀರು. ಸೋನಾ ಮಸೂರಿಯ ಹಾಗೆ ಒಂದಕ್ಕೆರಡು ಇಟ್ಟು ಸೀಟಿ ಕೂಗಿಸಿದರೆ ಮುದ್ದೆಯೇ.

ಮೊಸರನ್ನಕ್ಕೆ, ಬಿಸಿಬೇಳೆಬಾತಿಗೆ ಈ ಅಕ್ಕಿ ನಮ್ಮದಕ್ಕಿಂತ ಒಂದು ಕೈ ಮೇಲು ಅನ್ನೋದು ನನ್ನ ಅಭಿಪ್ರಾಯ. ಪುಳಿಯೋಗರೆ, ಚಿತ್ರಾನ್ನಕ್ಕೆ ಮಾತ್ರ ಸೋನಾ ಮಸೂರಿ ಇಟ್ಟುಕೊಳ್ಳಿ. ಬೆಲೆ ಜಾಸ್ತಿಯೇ, ಕೋಟಾ ಮೀರಿ ತರಿಸುವ ಅಕ್ಕಿಗೆ ಕಿಲೋಗೆ 341 ಯೆನ್ ಸುಂಕ ಇದೆ. ಇಲ್ಲಿಂದ ಸೂಟ್‌ಕೇಸಿನಲ್ಲಿ ಅಕ್ಕಿ, ಕಾಳು, ಹಸಿ ಕರಿಬೇವು ತುಂಬಿಕೊಂಡು ಹೋಗಬೇಡಿ, ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಅಕ್ಕಿರೊಟ್ಟಿಗೆ 'ಜೋಶಿನ್ಕೊ' ಅನ್ನುವ ಹಿಟ್ಟು ಕೊಳ್ಳಿ, ಊಟದ ಅಕ್ಕಿಯದ್ದು. ಅದರ ಪಕ್ಕದಲ್ಲೇ ಇರುವ 'ಶಿರಾತಾಮಾಕೊ' ಅಂಟಕ್ಕಿಯದು, ಕಾವಲಿಗೆ ಮೆತ್ತಿಕೊಂಡು ರಬ್ಬರಾಗುತ್ತೆ. ಜೋಶಿನ್ಕೊಗೆ ಕುದಿನೀರು ಹಾಕಿ ಕಲಸಿ ಹತ್ತು ನಿಮಿಷ ಮುಚ್ಚಿಡಿ, ತಣ್ಣೀರಿನಲ್ಲಿ ಕಲಸಿದರೆ ತಟ್ಟುವಾಗ ಅಂಚು ಒಡೆಯುತ್ತೆ.