ನ್ಯೂಯಾರ್ಕಿನ ಹಳೇ ಶಾಲೆಗಳ ಸ್ನೈಡರ್: ಯಾರಿಗಾದರೂ ಗೊತ್ತಾ?

ಮೂರನೇ_ಕ್ಲಾಸಿನ_ಅಮ್ಮ:
ಮಗಳು ಮ್ಯಾನ್‌ಹಟನ್ನಿನ ಒಂದು ಹಳೇ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಾಳೆ. ದಿನಾ ಬಿಡೋಕೆ, ಕರೆತರೋಕೆ ಹೋಗಿ ಹೋಗಿ ಆ ಕಟ್ಟಡದ ಮೇಲೆ ನನಗೇ ಮೋಹ ಹುಟ್ಟಿದೆ. ಐದು ಮಹಡಿ, ಚರ್ಚಿನಂಥ ಚೂಪು ಕಮಾನು, ಗೋಡೆಗಿಂತ ಕಿಟಕಿಯೇ ಜಾಸ್ತಿ. ಎರಡು ಸಂಗತಿ ಮಾತ್ರ ಅರ್ಥವಾಗಿಲ್ಲ. ಹತ್ತಿರದಲ್ಲೇ ದೊಡ್ಡ ಅವೆನ್ಯೂ ಇರುವಾಗ ಶಾಲೆಯನ್ನು ಅಡ್ಡರಸ್ತೆಯ ನಟ್ಟನಡುವೆ, ಅಕ್ಕಪಕ್ಕದ ಕಟ್ಟಡಗಳಿಗೆ ಒತ್ತಿಕೊಂಡಂತೆ ಯಾಕೆ ಕಟ್ಟಿದರು? ಇನ್ನೊಂದು, ಮೆಟ್ಟಿಲು ಹತ್ತುವಾಗ ಪಕ್ಕದಲ್ಲೇ ಬೇರೆ ಮಕ್ಕಳು ಇಳಿಯುವ ಸದ್ದು ಕೇಳುತ್ತೆ, ಮಕ್ಕಳು ಕಾಣೋದಿಲ್ಲ! ಆಫೀಸಿನಲ್ಲಿ ಕೇಳಿದರೆ "ಸ್ನೈಡರ್ ಕಾಲದ್ದು" ಅಂದರು, ಅಷ್ಟೇ.

ಪುಸ್ತಕದ_ಹುಳು:
ಚಾರ್ಲ್ಸ್ ಬಿ. ಜೆ. ಸ್ನೈಡರ್. ಹುಟ್ಟಿದ್ದು 1860ರಲ್ಲಿ, ನ್ಯೂಯಾರ್ಕ್ ರಾಜ್ಯದ ಸ್ಟಿಲ್‌ವಾಟರ್ ಎಂಬ ಊರಿನಲ್ಲಿ. ಓದಿದ್ದು ಕೂಪರ್ ಯೂನಿಯನ್‌ನಲ್ಲಿ. 1891ರಿಂದ 1923ರವರೆಗೆ ನಗರದ ಶಾಲಾ ಕಟ್ಟಡಗಳ ಸೂಪರಿಂಟೆಂಡೆಂಟ್, ಅಂದರೆ ಸರ್ಕಾರಿ ಶಾಲೆಗಳ ನಕ್ಷೆ ಮಾಡಿ ಕಟ್ಟಿಸುವ ವಾಸ್ತುಶಿಲ್ಪಿ. ತೀರಿಕೊಂಡದ್ದು 1945ರಲ್ಲಿ. ಮೆಟ್ಟಿಲಿನ ವಿಷಯ ನನಗೆ ಗೊತ್ತಿಲ್ಲ, ಬಲ್ಲವರು ಹೇಳಲಿ.

ಅಳತೆ_ಟೇಪು:
ಅಮ್ಮಾ, ಈ ಹೆಸರು ಕಂಡಮೇಲೆ ಬರೆಯದೆ ಇರಲಾಗಲಿಲ್ಲ. ಹಳೇ ಕಟ್ಟಡಗಳ ದುರಸ್ತಿಗೆ ನಕ್ಷೆ ಬರೆಯುವುದು ನನ್ನ ಕಸುಬು. ಈ ಊರಿಗೆ ಬಂದ ಹೊಸದರಲ್ಲಿ ನನ್ನನ್ನು ಮೊದಲು ಅಟ್ಟಿದ್ದೇ ಒಂದು ಸ್ನೈಡರ್ ಶಾಲೆಗೆ, ಕಿಟಕಿಗಳ ಅಳತೆ ತರಲು. ಜನವರಿ ತಿಂಗಳು, ಹೊರಗೆ ಮೋಡ. ಮೂರನೇ ಮಹಡಿಯ ಖಾಲಿ ಕ್ಲಾಸಿನಲ್ಲಿ ದೀಪ ಹಾಕದೆ ಟೇಪಿನ ಗೆರೆಗಳನ್ನು ಓದಿದೆ. ಅವತ್ತಿನಿಂದ ಈ ಮನುಷ್ಯನನ್ನು ಬಿಟ್ಟಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಮೂಲೆ ನಿವೇಶನ ದುಬಾರಿ. ಅವೆನ್ಯೂಗಳಲ್ಲಿ ಕುದುರೆ ಗಾಡಿಗಳ ಗದ್ದಲ, ಕೆಲವು ಕಡೆ ತಲೆಯ ಮೇಲೆ ಓಡುವ ರೈಲು ಬೇರೆ. ಬೀದಿಯ ನಡುವಿನ ಜಾಗ ಅಗ್ಗ, ಸದ್ದೂ ಕಡಿಮೆ. ಆದರೆ ಎರಡೂ ಪಕ್ಕದಲ್ಲಿ ಬಾಡಿಗೆ ವಠಾರಗಳು ಎದ್ದರೆ ಬೆಳಕು ಎಲ್ಲಿಂದ ಬರಬೇಕು? ಸ್ನೈಡರ್ ಹಿಂದಿನ ಬೀದಿಯಿಂದ ಮುಂದಿನ ಬೀದಿಯವರೆಗೆ, ಸುಮಾರು 200 ಅಡಿ ಉದ್ದದ ಜಾಗ ಹಿಡಿದು, ಇಂಗ್ಲಿಷಿನ 'ಎಚ್' ಅಕ್ಷರದ ಆಕಾರದಲ್ಲಿ ಶಾಲೆ ನಿಲ್ಲಿಸಿದರು. ಎಚ್‌ನ ಎರಡು ಉದ್ದ ತೋಳುಗಳ ಬೆನ್ನು ನೆರೆಮನೆಗಳ ಕಡೆಗೆ, ಮುಖ ಒಳಗಿನ ಅಂಗಳಗಳ ಕಡೆಗೆ. ನೆರೆಯವರು ಎಷ್ಟೇ ಎತ್ತರ ಕಟ್ಟಿಕೊಳ್ಳಲಿ, ಅಂಗಳದ ಕಡೆಯ ಬೆಳಕನ್ನು ಕಸಿಯಲಾಗದು. ಆ ಅಂಗಳವೇ ಮಕ್ಕಳಿಗೆ ಆಟದ ಜಾಗ.

ಇನ್ನು ಕಿಟಕಿ. ಒಳಗೆ ಉಕ್ಕಿನ ಚೌಕಟ್ಟು ಇರುವುದರಿಂದ ಭಾರವೆಲ್ಲ ಅದರ ಮೇಲೆ. ಗೋಡೆಗೆ ಹೊರೆ ಇಲ್ಲ. ಹಾಗಾಗಿ ಕಂಬದಿಂದ ಕಂಬಕ್ಕೆ ಗಾಜೇ ಗಾಜು.

ಮೆಟ್ಟಿಲು ನನಗೆ ಎಲ್ಲಕ್ಕಿಂತ ಇಷ್ಟ. ಒಂದೇ ಮೆಟ್ಟಿಲಗೂಡಿನಲ್ಲಿ ಎರಡು ಮೆಟ್ಟಿಲ ಸಾಲು, ಕತ್ತರಿಯ ಎರಡು ಅಲಗಿನ ಹಾಗೆ ಒಂದನ್ನೊಂದು ದಾಟಿಕೊಂಡು ಹೋಗುತ್ತವೆ, ನಡುವೆ ಗೋಡೆ. ಬೆಂಕಿ ಬಿದ್ದರೆ ಅಷ್ಟೇ ಜಾಗದಲ್ಲಿ ಎರಡು ಪಟ್ಟು ಮಕ್ಕಳು ಇಳಿಯಬಹುದು. ನೀವು ಕೇಳಿಸಿಕೊಂಡದ್ದು ಆ ಗೋಡೆಯ ಆಚೆಯ ಹೆಜ್ಜೆಗಳನ್ನು.

ಇದೆಲ್ಲ ಯಾವ ಒತ್ತಡದಲ್ಲಿ ಆಯಿತು ನೋಡಿ. 1894ರಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಬಂತು. 1898ರಲ್ಲಿ ಬ್ರೂಕ್ಲಿನ್, ಕ್ವೀನ್ಸ್, ಸ್ಟೇಟನ್ ಐಲೆಂಡ್ ಎಲ್ಲ ಸೇರಿ ಒಂದೇ ನಗರವಾಯಿತು, ಎಲ್ಲರ ಶಾಲೆಯೂ ಇವರ ಮೇಜಿಗೆ ಬಂತು. ಇಟಲಿಯಿಂದ, ರಷ್ಯಾದಿಂದ ಹಡಗುಗಟ್ಟಲೆ ಕುಟುಂಬಗಳು ಬಂದಿಳಿಯುತ್ತಿದ್ದವು. ಕೂರಲು ಜಾಗವಿಲ್ಲದೆ ಎಷ್ಟೋ ಮಕ್ಕಳಿಗೆ ಅರ್ಧ ದಿನದ ಶಾಲೆ. ಹೊಸವು, ವಿಸ್ತರಿಸಿದವು ಎಲ್ಲ ಸೇರಿ 350ಕ್ಕೂ ಹೆಚ್ಚು ಕಟ್ಟಡ ಈ ಒಬ್ಬ ನೌಕರನ ಕಚೇರಿಯಿಂದ ಹೊರಟವು. ಕೊಳೆಗೇರಿಗಳ ಚಿತ್ರ ತೆಗೆದ ಪತ್ರಕರ್ತ ಜೇಕಬ್ ರೀಸ್ ಇವರನ್ನು ಬಾಯ್ತುಂಬ ಹೊಗಳಿದ್ದರು. ಗೋಪುರ, ಕಮಾನು ನೋಡಿ ಮೆಚ್ಚುವವರೇ ಹೆಚ್ಚು. ನನ್ನ ಮಟ್ಟಿಗೆ ಅವರ ದೊಡ್ಡತನ ಇರುವುದು ನಕ್ಷೆಯಲ್ಲಿ.

ಪುಸ್ತಕದ_ಹುಳು:
ಸರ್, ಆ ಎಚ್ ನಕ್ಷೆ ಪ್ಯಾರಿಸ್ಸಿನ ಓಟೆಲ್ ದ ಕ್ಲೂನಿ ಎಂಬ ಹಳೇ ಬಂಗಲೆ ನೋಡಿ ಮಾಡಿದ್ದಂತೆ. ಅಂದಮೇಲೆ ಅದು ಅವರ ಸ್ವಂತ ಯೋಚನೆ ಹೇಗಾಗುತ್ತೆ?

ಅಳತೆ_ಟೇಪು:
1896ರಲ್ಲಿ ಯುರೋಪಿಗೆ ಹೋದಾಗ ಅದನ್ನು ನೋಡಿದ್ದು ನಿಜ, ಸ್ಫೂರ್ತಿ ಅಲ್ಲಿಂದಲೇ. ಆದರೆ ಅದು ಕ್ಲೂನಿ ಎಂಬ ಕ್ರೈಸ್ತ ಮಠದ ಅಧಿಪತಿಗಳು ಪ್ಯಾರಿಸ್ಸಿನಲ್ಲಿ ಇಟ್ಟುಕೊಂಡಿದ್ದ ಮನೆ. ಮುಂದೆ ಅಂಗಳ, ಬೀದಿಗೆ ಗೋಡೆ. ಕೆಲವೇ ಜನರ ನೆಮ್ಮದಿಗೆ ಇದ್ದ ಆ ಅಂಗಳವನ್ನು ವಲಸೆಗಾರರ ಸಾವಿರಾರು ಮಕ್ಕಳಿಗೆ ದಕ್ಕಿಸಿಕೊಟ್ಟದ್ದು ನಕಲು ಅಂತ ನನಗೆ ಅನ್ನಿಸುವುದಿಲ್ಲ ತಮ್ಮಾ. ಒಂದೇ ಅಚ್ಚಿಗೆ ಅಂಟಿಕೊಂಡವರೂ ಅಲ್ಲ. ಬ್ರಾಂಕ್ಸಿನ ಮಾರಿಸ್ ಹೈಸ್ಕೂಲು (1904) ಹಳೇ ಚರ್ಚುಗಳಂಥ ಗಾಥಿಕ್ ಶೈಲಿಯ ಗೋಪುರದ್ದು. ಹತ್ತನೇ ಅವೆನ್ಯೂನ ಡಿವಿಟ್ ಕ್ಲಿಂಟನ್ ಹೈಸ್ಕೂಲು (1906) ಬೆಲ್ಜಿಯಂ ಕಡೆಯ ಫ್ಲೆಮಿಶ್ ಶೈಲಿಯದು, ಈಗ ಅದರಲ್ಲಿ ಜಾನ್ ಜೇ ಕಾಲೇಜು ಇದೆ. ಬಿಡುವಾದರೆ ಎರಡನ್ನೂ ನೋಡಿ ಬನ್ನಿ.

ಮೂರನೇ_ಕ್ಲಾಸಿನ_ಅಮ್ಮ:
ಸರ್, ತುಂಬಾ ಉಪಕಾರ ಆಯ್ತು. ಇವತ್ತು ಮಗಳನ್ನು ಬಿಟ್ಟು ಹಿಂದಿನ ಬೀದಿಗೂ ಸುತ್ತಿಕೊಂಡು ಹೋದೆ. ಅಲ್ಲೂ ಅಂಥದೇ ಅಂಗಳ! ಎರಡು ವರ್ಷದಿಂದ ಒಂದೇ ಕಡೆಯಿಂದ ನೋಡ್ತಾ ಇದ್ದೆ. ಸಂಜೆ ಮಗಳಿಗೆ ಮೆಟ್ಟಿಲಿನ ಗುಟ್ಟು ಹೇಳಿದರೆ, "ನಮಗೆಲ್ಲ ಗೊತ್ತಮ್ಮ, ನಾವು ಗೋಡೆ ತಟ್ತೀವಿ, ಆ ಕಡೆಯವರೂ ತಟ್ತಾರೆ" ಅಂದಳು.